ಕೊನೆಯಿಂದ ಮೊದಲಿಗೆ ಓದುವ ಅಕ್ಕ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಮಾರುಕಟ್ಟೆ ಕಟ್ಟಡದ ಎರಡನೇ ಮಹಡಿಯ ಮೂಲೆಯ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಐವತ್ತಮೂರು ವರ್ಷದ ಹೆಂಗಸೊಬ್ಬರು ಮೇಜಿನ ಮೇಲಿರುವ ಹಳೆಯ ಹಾರ್ಡ್ ಡಿಸ್ಕಿನ ಮೇಲೆ ಅಂಗೈಯಿಟ್ಟು "ಇದರಿಂದ" ಎನ್ನುತ್ತಾರೆ. ಪಕ್ಕದ ಹೊಸ ಡಿಸ್ಕನ್ನು ಮುಟ್ಟಿ "ಇದಕ್ಕೆ" ಎನ್ನುತ್ತಾರೆ. ಅನಂತರವೇ ಗುಂಡಿ ಒತ್ತುತ್ತಾರೆ. ಸ್ಕ್ರೂಡ್ರೈವರಿನ ತುದಿಯನ್ನು ಡಿಸ್ಕಿನ ಅಂಚಿಗೂ ಹಿಡಿಯನ್ನು ಕಿವಿಗೂ ತಾಗಿಸಿ, ಉಸಿರು ಬಿಗಿಹಿಡಿದು ಆಲಿಸುತ್ತಾರೆ.

"ತಿರುಗ್ತಾ ಇದೆ. ಆದರೆ ಮನಸ್ಸಿಲ್ಲದ ಮನಸ್ಸಿಂದ."

ಕೆಡುತ್ತಿರುವ ಡಿಸ್ಕುಗಳಿಂದ ಮಾಹಿತಿಯನ್ನು ಹೊರತೆಗೆಯುವುದು ಇವರ ಕಸುಬು. ಮಾರುಕಟ್ಟೆಯವರು ಇಟ್ಟಿರುವ ಹೆಸರು 'ನಿಧಾನಕ್ಕ'. ಕೆಳಗಿನ ಅಂಗಡಿಗಳು ತೆರೆದರೆ ವಿದ್ಯುತ್ತು ಏರಿಳಿಯುತ್ತದೆ, ಲಾರಿಗಳು ಬಂದರೆ ಮೇಜು ಅದುರುತ್ತದೆ. ಆದ್ದರಿಂದ ನಾಜೂಕಿನ ಕೆಲಸವೆಲ್ಲ ಎಂಟು ಗಂಟೆಯ ಒಳಗೆ ಮುಗಿಯಬೇಕು. ಬೆಳಗಿನ ಪಾಳಿಯ ಬಸ್ ಚಾಲಕರಾದ ಪತಿ ಇವರನ್ನು ಇಲ್ಲಿ ಬಿಟ್ಟು ಕೆಲಸಕ್ಕೆ ಹೋಗುತ್ತಾರೆ. "ಮೂವತ್ತು ವರ್ಷದಿಂದ ಮಾತಾಡ್ತಿದ್ದೀನಿ, ನನ್ನ ಮಾತನ್ನ ಒಂದು ದಿನವೂ ಹೀಗೆ ಕಿವಿಗೊಟ್ಟು ಕೇಳಿಲ್ಲ" ಎಂಬುದು ಅವರ ದೂರು. "ನೀವಿನ್ನೂ ಕೆಟ್ಟಿಲ್ಲವಲ್ಲ" ಎಂಬುದು ಇವರ ಉತ್ತರ.

ಹತ್ತನೇ ತರಗತಿಯ ನಂತರ ರೇಡಿಯೋ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುತ್ತಿದ್ದವರು ಈ ವಿದ್ಯೆಯನ್ನು ಸತ್ತ ಡಿಸ್ಕುಗಳನ್ನು ಬಿಚ್ಚಿ ಬಿಚ್ಚಿ ಕಲಿತರು. ಆರಂಭದ ದಿನಗಳಲ್ಲಿ ಒಮ್ಮೆ ದಿಕ್ಕು ತಪ್ಪಿತು: ಖಾಲಿ ಡಿಸ್ಕಿನ ಶೂನ್ಯವನ್ನೇ ಚಿತ್ರಗಳಿದ್ದ ಡಿಸ್ಕಿನ ಮೇಲೆ ನಕಲು ಮಾಡಿಬಿಟ್ಟರು. ಒಬ್ಬ ಛಾಯಾಗ್ರಾಹಕರ ನಾಲ್ಕು ವರ್ಷದ ಚಿತ್ರಗಳು ಅಳಿಸಿಹೋದವು. "ಅವರು ಬೈಯಲಿಲ್ಲ. ಬೈದಿದ್ದರೆ ಮರೆತುಬಿಡ್ತಿದ್ದೆನೋ ಏನೋ" ಎನ್ನುತ್ತಾರೆ. ಮುಟ್ಟಿ ಹೇಳುವ ಪದ್ಧತಿ ಅಂದಿನಿಂದ ಬಂದದ್ದು. ಹತ್ತೊಂಬತ್ತು ವರ್ಷಗಳ ಅವರ ನೋಟುಬುಕ್ಕಿನಲ್ಲಿ 1,964 ಡಿಸ್ಕುಗಳಿವೆ. ಮಾಹಿತಿ ಮರಳಿ ಸಿಕ್ಕ 1,702 ಡಿಸ್ಕುಗಳ ಮುಂದೆ ಟಿಕ್ ಗುರುತಿದೆ.

ಈಗ ಮೇಜಿನ ಮೇಲಿರುವುದು ಅಂಧ ವಿದ್ಯಾರ್ಥಿಗಳ ಧ್ವನಿ ಗ್ರಂಥಾಲಯದ ಡಿಸ್ಕು. ಒಂಬತ್ತು ವರ್ಷ ಸ್ವಯಂಸೇವಕರು ಓದಿ ಧ್ವನಿಮುದ್ರಿಸಿದ 2,318 ಪಾಠಗಳು ಅದರಲ್ಲಿವೆ. ಮೂವತ್ತೊಂದು ಮಂದಿ ವಿದ್ಯಾರ್ಥಿಗಳ ಪದವಿ ಪರೀಕ್ಷೆಗೆ ಇನ್ನು ಹನ್ನೆರಡೇ ದಿನ ಎನ್ನುವಾಗ ಅದು ಟಿಕ್ಕೆಂದು ಸದ್ದು ಮಾಡತೊಡಗಿತು. ಗ್ರಂಥಪಾಲಕಿ ಅದನ್ನು ಟವೆಲಿನಲ್ಲಿ ಸುತ್ತಿ ತಂದರು.

"ಇನ್ನೊಂದು ಪ್ರತಿ ಇಟ್ಟಿಲ್ವಾ ಮೇಡಂ?"

"ಇಟ್ಟಿದ್ದೀವಿ ಅಕ್ಕ. ಇದೇ ಡಿಸ್ಕಲ್ಲಿ, ಬೇರೆ ಫೋಲ್ಡರಿನಲ್ಲಿ."

"ಎರಡನೇ ಬೀಗದ ಕೈಯನ್ನೂ ಮನೆಯೊಳಗೇ ಇಟ್ಟು ಬೀಗ ಹಾಕಿದ ಹಾಗಾಯ್ತು."

ಡಿಸ್ಕಿನೊಳಗೆ ಓದುವ ಸೂಜಿಯಂಥ ಮುಳ್ಳುಗಳು ನಾಲ್ಕು, ಒಂದು ಸೋತಿತ್ತು. ಗಟ್ಟಿಯಾದ ಮೂರರಿಂದ ಓದಬಹುದಾದುದನ್ನೆಲ್ಲ ಮೊದಲ ಎರಡು ಬೆಳಗು ಹೊರತೆಗೆದರು. ಸೋತ ಮುಳ್ಳಿಗೆ ಮೂರನೆಯ ಬೆಳಗನ್ನು ಮೀಸಲಿಟ್ಟರು: ನಲವತ್ತು ಸೆಕೆಂಡು ಕೆಲಸ, ಹತ್ತು ನಿಮಿಷ ವಿಶ್ರಾಂತಿ. ಆದರೂ ಹದಿನಾಲ್ಕು ಪಾಠಗಳು ಗಾಯಗೊಂಡ ಜಾಗದಲ್ಲೇ ಸಿಕ್ಕಿಬಿದ್ದವು. ಆಗ ನೆರವಾದದ್ದು ಗ್ರಂಥಪಾಲಕಿಯ ಆ ಪೆದ್ದು ಕೆಲಸವೇ. ಎರಡನೇ ಫೋಲ್ಡರು ಡಿಸ್ಕಿನ ಗಾಯವಿಲ್ಲದ ಭಾಗದಲ್ಲಿತ್ತು. ಹದಿಮೂರು ಪಾಠಗಳು ಅಲ್ಲಿಂದ ಇಡಿಯಾಗಿ ಬಂದವು.

ಉಳಿದದ್ದು ಒಂದು, ಅರ್ಥಶಾಸ್ತ್ರದ ಒಂಬತ್ತನೇ ಅಧ್ಯಾಯ. ಅದೊಂದು ಎರಡನೇ ಫೋಲ್ಡರಿಗೆ ಸೇರಿರಲಿಲ್ಲ. ಅದನ್ನು ಓದಿದ್ದ ನಿವೃತ್ತ ಮೇಷ್ಟರು ಈಗ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಮಾತಾಡಲಾರರು.

"ಬೇರೆ ಯಾರಾದರೂ ಓದಬಹುದು. ಆದರೆ ಆ ಕೋಷ್ಟಕಗಳನ್ನ ಕಿವಿಗೆ ಕಾಣೋ ಹಾಗೆ ಹೇಳೋದು ಅವರಿಗೇ ಗೊತ್ತಿದ್ದದ್ದು" ಎನ್ನುತ್ತಾರೆ ಗ್ರಂಥಪಾಲಕಿ. ಇಂದು, ಈ ನಾಲ್ಕನೇ ಬೆಳಗು, ಅವರೂ ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತಿದ್ದಾರೆ.

ಅಕ್ಕ ಈ ಸಲ ದಿಕ್ಕು ಬದಲಿಸಿದ್ದಾರೆ. ಅಧ್ಯಾಯವನ್ನು ಕೊನೆಯಿಂದ ಮೊದಲಿಗೆ ಓದಿಸುತ್ತಿದ್ದಾರೆ. "ಮುಂದಿನಿಂದ ಹೋದರೆ ಹಳ್ಳದ ಅಂಚಲ್ಲೇ ಮುಗ್ಗರಿಸಿ ನಿಂತುಬಿಡತ್ತೆ. ಹಿಂದಿನಿಂದ ಹೋದರೆ ಆ ಕಡೆ ದಂಡೆ ತನಕ ಎಲ್ಲ ಸಿಗತ್ತೆ." ಪರದೆಯ ಮೇಲೆ ಉಳಿದ ಚೂರುಗಳ ಸಂಖ್ಯೆ 212ರಿಂದ 90ಕ್ಕೆ, 90ರಿಂದ 17ಕ್ಕೆ ಇಳಿಯುತ್ತದೆ. ಹದಿನೇಳರಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತದೆ. ಗ್ರಂಥಪಾಲಕಿ ಏನೋ ಹೇಳಲು ಬಾಯಿ ತೆರೆದರೆ ಅಕ್ಕ ಕೈಯೆತ್ತಿ ತಡೆಯುತ್ತಾರೆ.

ಆರು ಗಂಟೆ ಐವತ್ತೆರಡು ನಿಮಿಷಕ್ಕೆ ಸಂಖ್ಯೆ ಸೊನ್ನೆ. ಹೊಸ ಡಿಸ್ಕಿನಿಂದ ಮೇಷ್ಟರ ದನಿ ಕೋಣೆಯನ್ನು ತುಂಬುತ್ತದೆ: "ಮಕ್ಕಳೇ, ಈಗ ಮೂರು ಕಾಲಂ ಇರೋ ಒಂದು ಕೋಷ್ಟಕ. ಎಡಗಡೆಯಿಂದ ಬರೋಣ." ಗ್ರಂಥಪಾಲಕಿ ಅಕ್ಕನ ಎರಡೂ ಕೈ ಹಿಡಿದುಕೊಳ್ಳುತ್ತಾರೆ. "ಬಿಡಿ ಮೇಡಂ, ಕಾಲಂ ತಪ್ಪಿಹೋಗತ್ತೆ" ಎನ್ನುತ್ತ ಅಕ್ಕ ಕೊನೆಯ ಕೋಷ್ಟಕದವರೆಗೂ ಕೇಳುತ್ತಾರೆ. ಅರ್ಧ ಗಂಟೆಯ ನಂತರ ಹಳೆಯ ಡಿಸ್ಕು ನಿಲ್ಲುತ್ತದೆ. ಮತ್ತೆ ತಿರುಗುವುದಿಲ್ಲ.

ಎರಡು ತಿಂಗಳ ನಂತರ ಗ್ರಂಥಪಾಲಕಿ ಫಲಿತಾಂಶದ ಹಾಳೆಯೊಂದಿಗೆ ಮಹಡಿ ಹತ್ತಿ ಬರುತ್ತಾರೆ. ಮೂವತ್ತೊಂದರಲ್ಲಿ ಇಪ್ಪತ್ತೊಂಬತ್ತು ಮಂದಿ ತೇರ್ಗಡೆ. ಅರ್ಥಶಾಸ್ತ್ರದಲ್ಲಿ ಒಬ್ಬಳಿಗೆ ಇಡೀ ಕಾಲೇಜಿಗೇ ಅತಿ ಹೆಚ್ಚು ಅಂಕ. ಅಕ್ಕ ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಬೆರಳಿಟ್ಟು ಓದುತ್ತಾರೆ.

"ಇನ್ನಿಬ್ಬರು?"

"ಅವರು ಪಾಠ ತಗೊಂಡೇ ಹೋಗಲಿಲ್ಲ ಅಕ್ಕ. ಸೋಮಾರಿಗಳು."

"ಹಾಗಾದರೆ ಸರಿ" ಎನ್ನುತ್ತಾರೆ ಅಕ್ಕ. "ನಾನು ಕೊಟ್ಟ ಡಿಸ್ಕಲ್ಲಿ ಎಲ್ಲವೂ ಇತ್ತು."