ಚಪ್ಪಲಿ ಕರಗಿಸಿ ಮಾಡಿದ ಕಪ್ಪೆ

ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದದ್ದು. ಬೀದಿ ನಲ್ಲಿಯಲ್ಲಿ ನಾಲ್ಕು ಕೊಡ ನೀರು ಹಿಡಿದದ್ದು. ಅತ್ತೆಯನ್ನು ಎಬ್ಬಿಸಿ, ಮುಖ ತೊಳೆಸಿ, ತಲೆ ಬಾಚಿ, ಜೀರಿಗೆ ಕಷಾಯ ಕೊಟ್ಟದ್ದು. ಅವರು ಎರಡು ಗುಟುಕು ಕುಡಿದು ಲೋಟ ಆಚೆ ನೂಕಿದ್ದು. ರಾಗಿ ಕೇರಿದ್ದು. ಹುರುಳಿ ಬೇಯಲು ಇಟ್ಟದ್ದು. ಗಂಡನ ಖಾಕಿ ಚಡ್ಡಿಯ ಗ್ರೀಸ್ ಕಲೆಗೆ ಸೀಮೆಎಣ್ಣೆ ಉಜ್ಜಿದ್ದು. ಒಂದು ಜೊತೆ ಹಳೆಯ ಪ್ಲಾಸ್ಟಿಕ್ ಚಪ್ಪಲಿಯನ್ನು ತೊಳೆದು, ಒರೆಸಿ, ಹುಣಸೆಬೀಜದಷ್ಟು ಚೂರು ಚೂರಾಗಿ ಕತ್ತರಿಸಿದ್ದು.

ಆ ಭಾನುವಾರ ಹತ್ತು ಗಂಟೆಯೊಳಗೆ ನಾನು ಮುಗಿಸಿದ ಕೆಲಸ ಇಷ್ಟು. ಕೊನೆಯದನ್ನು ಯಾಕೆ ಮಾಡಿದೆ ಎಂದು ಹೇಳದೆ ವಿಧಿಯಿಲ್ಲ.

ಎಂಬತ್ತರ ದಶಕದ ಶುರುವಿನ ಒಂದು ಆಷಾಢ. ನಾವಿದ್ದದ್ದು ಕಡೂರಿನಲ್ಲಿ, ಗಂಡನ ಸೈಕಲ್ ಶಾಪಿನ ಹಿಂಭಾಗದ ಎರಡು ಕೋಣೆಯ ಮನೆಯಲ್ಲಿ. ಅತ್ತೆಗೆ ಜ್ವರ ಬಿಟ್ಟು ಹನ್ನೆರಡು ದಿನವಾಗಿತ್ತು. ಜ್ವರ ಹೋಯಿತು, ಬಾಯಿರುಚಿ ವಾಪಸು ಬರಲಿಲ್ಲ. ಮುದ್ದೆ ಇಟ್ಟರೆ ತುದಿ ಮುರಿದು ಬಿಡುವರು, ಗಂಜಿ ಕೊಟ್ಟರೆ ಮೂಸಿ ಬಿಡುವರು. ಅವರ ಬಳೆ ಮೊಣಕೈವರೆಗೂ ಜಾರುತ್ತಿತ್ತು. ಡಾಕ್ಟರು ನಾಡಿ ಹಿಡಿದು, "ಮಾತ್ರೆ ಸಾಕಮ್ಮ, ಇನ್ನು ಹೊಟ್ಟೆಗೆ ಏನಾದ್ರೂ ಬೀಳ್ಬೇಕು. ಹಿಂಗೇ ಬಿಟ್ರೆ ಕಷ್ಟ" ಎಂದು ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದ್ದರು. ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತ್ತು.

ಏನು ಬೇಕು ಎಂದು ಕೇಳಿದರೆ ಅತ್ತೆಯದು ಒಂದೇ ಜಪ. "ಕೊರವ ಮೀನಿನ ಸಾರು ಮಾಡೇ. ಎರಡು ತುತ್ತು ಉಣ್ತೀನಿ."

ಸಂತೆಯಲ್ಲಿ ಕೇಳಿದ್ದಾಯಿತು. ತರೀಕೆರೆಗೆ ಹೋಗುವವರ ಕೈಲಿ ಹೇಳಿ ಕಳಿಸಿದ್ದಾಯಿತು. ಬರುವುದೆಲ್ಲ ಮೈತುಂಬ ಮುಳ್ಳಿರುವ ಮೀನು. ಅದನ್ನು ಕಂಡರೆ ಅತ್ತೆ ಮುಖ ತಿರುಗಿಸುವರು. ಹಾಗಾದರೆ ಗಾಳ ಹಾಕಿಯೇ ಹಿಡಿಯಬೇಕು. ನನ್ನ ಗಂಡನಿಗೆ ಆ ವಿದ್ಯೆ ಗೊತ್ತಿತ್ತು. ಕೊರವ ಜೊಂಡಿನ ಸಂದಿಯಲ್ಲಿ ಅಡಗಿರುತ್ತದೆ. ಗಾಳದ ಮುಳ್ಳಿಗೆ ಕಪ್ಪೆಮರಿ ಸಿಕ್ಕಿಸಿ ಜೊಂಡಿನ ಮೇಲೆ ಕುಣಿಸಿದರೆ ಹಾರಿ ಬಂದು ನುಂಗುತ್ತದೆ.

ಅಲ್ಲೇ ತೊಡಕು. ಆ ವರ್ಷ ಆಷಾಢ ಅರ್ಧ ಕಳೆದರೂ ಮಳೆ ಇರಲಿಲ್ಲ. ಅತ್ತೆಯ ತವರು ಅಜ್ಜಂಪುರದ ಕಡೆ. ಚಿಕ್ಕವರಿದ್ದಾಗ ಮಳೆ ತಡವಾದರೆ ಮೊರದಲ್ಲಿ ಕಪ್ಪೆ ಇಟ್ಟುಕೊಂಡು ಮನೆಮನೆಗೆ ಹೋಗಿ ಅದರ ಮೇಲೆ ನೀರು ಹುಯ್ಯಿಸಿಕೊಂಡು ಬಂದವರು. ಗಂಡ ಡಬ್ಬಿಯಲ್ಲಿ ಕಪ್ಪೆಮರಿ ಹಿಡಿದು ತಂದ ದಿನ, ಎದ್ದು ಕೂರಲಾರದ ಮುದುಕಿ ಎದ್ದು ಕೂತರು.

"ಮಳೆ ಕರೆಯೋ ಜೀವಕ್ಕೆ ಮುಳ್ಳು ಚುಚ್ತೀಯೇನೋ? ಮೊದ್ಲು ಬಿಟ್ಟು ಬಾ."

"ಅವ್ವಾ, ನಿಂಗೇ ಅಲ್ವಾ ಮೀನು ಬೇಕು ಅಂದಿದ್ದು?"

"ಮೀನು ಬೇಕು ಅಂದೆ. ಕಪ್ಪೆ ಚುಚ್ಚು ಅಂದ್ನಾ?"

"ಮತ್ತೆ ಏನ್ ತೋರ್ಸಿ ಕರೀಲಿ ಅದ್ನ? ನನ್ ಮುಖಾನಾ?"

"ನಿನ್ ಮುಖ ನೋಡಿ ಬಾರೆಹಣ್ಣೂ ಉದುರಲ್ಲ ಕಣೋ," ಎಂದು ಅತ್ತೆ ಗೋಡೆಯ ಕಡೆ ಹೊರಳಿ ಮಲಗಿದರು. ಗಂಡ ಕಪ್ಪೆಗಳನ್ನು ಚರಂಡಿಗೆ ಬಿಟ್ಟು ಬಂದ.

ಪ್ಲಾಸ್ಟಿಕ್ ಕಪ್ಪೆಯ ವಿಚಾರ ತೆಗೆದವನೂ ಅವನೇ. ಟ್ಯೂಬ್ ಪಂಕ್ಚರ್ ಹಾಕಿಸಲು ನಿಂತಿದ್ದ ಯಾರೋ ಕಾಫಿ ತೋಟದವರ ಗಾಳದ ಪೆಟ್ಟಿಗೆಯಲ್ಲಿ ಪರದೇಶದ್ದೊಂದು ಕಪ್ಪೆ ಕಂಡಿದ್ದನಂತೆ. ಹಿಚುಕಿದರೆ ತಂಗಳು ಹಿಟ್ಟಿನ ಹಾಗೆ ಮೆತ್ತಗಿತ್ತಂತೆ, ನೀರಲ್ಲಿ ಎಳೆದರೆ ಕಾಲು ಅಲ್ಲಾಡುತ್ತಿತ್ತಂತೆ. "ಪ್ಲಾಸ್ಟಿಕ್ಕು ಕಣೇ. ಕರಗ್ಸಿ ಅಚ್ಚಿಗೆ ಹುಯ್ದ್ರೆ ಆಯ್ತು. ನೀನು ಬೆಲ್ಲದ ಪಾಕ ತೆಗೆಯಲ್ವಾ, ಹಂಗೇ."

ಹಂಗೇ ಅಂತೆ! ಹೇಳುವವರಿಗೇನು.

ಅಚ್ಚು ಮಾತ್ರ ಚೆನ್ನಾಗಿಯೇ ಬಂತು. ಬಟ್ಟೆ ಸೋಪಿನ ತುಂಡಿನಲ್ಲಿ ನಾನೇ ಕಪ್ಪೆ ಕೆತ್ತಿದೆ. ತರೀಕೆರೆಯಲ್ಲಿ ಬೊಂಬೆ ಮಾಡುವವರೊಬ್ಬರಿಂದ ಗಂಡ ಬಿಳೀ ಪುಡಿ ತಂದ. ನೀರಲ್ಲಿ ಕಲಸಿ ಸೋಪಿನ ಕಪ್ಪೆಯ ಸುತ್ತ ಕಟ್ಟಿದರೆ ಗಳಿಗೆಯಲ್ಲಿ ಕಲ್ಲಾಗುವ ಪುಡಿ. ಎರಡು ಹೋಳಿನ ಅಚ್ಚು ಸಿದ್ಧವಾಯಿತು. ಅಲ್ಲಿಂದಾಚೆ ನನ್ನ ಪಾಡು ಯಾರಿಗೂ ಬೇಡ.

ಮೊದಲ ಸಲ ಚಪ್ಪಲಿ ಚೂರನ್ನು ಹಳೇ ಅಲ್ಯೂಮಿನಿಯಂ ಪಾತ್ರೆಗೆ ಹಾಕಿ ಹಿತ್ತಲ ಸ್ಟೌ ಮೇಲೆ ಇಟ್ಟೆ. ಕರಗುವ ಮೊದಲೇ ಸೀದು, ಕಪ್ಪು ಹೊಗೆ ಎದ್ದು, ಪಕ್ಕದ ಮನೆಯಾಕೆ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಗೋಡೆ ಮೇಲೆ ಇಣುಕಿ, "ಏನ್ರಕ್ಕಾ, ಶಾಪಿಗೆ ಬೆಂಕಿ ಬಿತ್ತಾ?" ಎಂದಳು. ಎರಡನೇ ಸಲ ನನಗೇ ಹೊಳೆಯಿತು: ಕಡಲೇಕಾಯಿ ಹುರಿಯುವ ಬಾಣಲೆಯ ಮರಳಿನಲ್ಲಿ ಪಾತ್ರೆ ಹೂತಿಟ್ಟರೆ ಶಾಖ ಸಮನಾಗಿ ಹತ್ತುತ್ತದೆ. ಹತ್ತಿತು. ಕರಗಿತು. ಹುಯ್ದೆ. ಅಚ್ಚು ಬಿಚ್ಚಿದರೆ ಕಪ್ಪೆಯ ಆಕಾರದ ಚಪ್ಪಲಿ! ಅತ್ತೆ ಅದನ್ನು ಮಂಚದ ಕಾಲಿಗೆ ಟಕ್ ಟಕ್ ಎಂದು ಬಡಿದು, "ಇದ್ರಲ್ಲಿ ಮೀನು ಹಿಡಿಯೋದಲ್ಲ, ಮೀನಿಗೆ ಹೊಡೀಬೋದು" ಎಂದರು.

ಮೆತ್ತಗಾಗಲಿ ಎಂದು ಮೂರನೇ ಸಲ ಹರಳೆಣ್ಣೆ ಬೆರೆಸಿದೆ. ಎಣ್ಣೆ ಒಂದು ಕಡೆ, ಪ್ಲಾಸ್ಟಿಕ್ ಒಂದು ಕಡೆ, ಅತ್ತೆ ಸೊಸೆ ಮುನಿಸಿಕೊಂಡ ಹಾಗೆ ನಿಂತವು. ಹುಯ್ದ ಕಪ್ಪೆ ಎರಡು ದಿನ ಬೆವರುತ್ತಲೇ ಇತ್ತು.

ಕೊನೆಗೆ ಗಂಡ ಸಂತೆಯಿಂದ ಒಂದು ಮಗುವಿನ ಗೊಂಬೆ ತಂದ. ಹೊಟ್ಟೆ ಒತ್ತಿದರೆ ಕುಂಯ್ ಅನ್ನುವ ಮೆತ್ತನೆಯ ಪ್ಲಾಸ್ಟಿಕ್ಕಿನ ಗೊಂಬೆ. ಅದರ ಕೆನ್ನೆಗೆ ಕತ್ತರಿ ಹಾಕಲು ನನಗೆ ಮನಸ್ಸೇ ಬರಲಿಲ್ಲ. ಮಂಚದ ಮೇಲಿದ್ದವರ ಕೆನ್ನೆ ನೋಡಿದೆ. ಇನ್ನೂ ಒಳಗೆ ಹೋಗಿತ್ತು. ಕತ್ತರಿಸಿದೆ. ಅರ್ಧ ಚಪ್ಪಲಿ, ಅರ್ಧ ಗೊಂಬೆ. ಅದು ಆ ಭಾನುವಾರದ ಅಡುಗೆ.

ಈ ಸಲ ನಿಜವಾಗಿಯೂ ಪಾಕ ಬಂತು. ಜೇನಿನ ಹಾಗೆ ಎಳೆ ಬಿಡುತ್ತಿತ್ತು. ಗಂಡ ಹನ್ನೆರಡು ಗಂಟೆ ಬಸ್ಸಿಗೆ ಸಖರಾಯಪಟ್ಟಣಕ್ಕೆ ಹೋಗಿ ಅಯ್ಯನಕೆರೆಯಲ್ಲಿ ಗಾಳ ಹಾಕುವುದೆಂದು ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದ. ನಾನು ಅಚ್ಚನ್ನು ತಂದು ದಾರ ಸುತ್ತಿ ಬಿಗಿದು, ಅದರ ಬಾಯಿಗೆ ಪಾಕ ಹುಯ್ದೆ.

ಚಟ್ ಎಂದು ಸಿಡಿಯಿತು. ಅಚ್ಚು ಉಗುಳಿದ ಬಿಸಿ ಪ್ಲಾಸ್ಟಿಕ್ ನನ್ನ ಮಣಿಕಟ್ಟಿಗೆ ಅಂಟಿತು, ಉಳಿದದ್ದು ಮರಳಿಗೆ ಚೆಲ್ಲಿತು. ನಾನು ಕೂಗಿದ್ದು ಕೇಳಿ ಗಂಡ ಕೋಲು ಬಿಸಾಕಿ ಓಡಿ ಬಂದು ಕೊಡದ ನೀರಿನಲ್ಲಿ ನನ್ನ ಕೈ ಅದ್ದಿದ.

"ಅಚ್ಚು ಒದ್ದೆ ಇತ್ತೇನೇ?"

"ಒದ್ದೆ ಯಾಕಿರುತ್ತೆ? ಬೆಳಿಗ್ಗೆ ತೊಳೆದು ಬೋರಲು ಹಾಕಿದ್ದೆ..."

ಹೇಳುತ್ತ ಹೇಳುತ್ತ ನನಗೇ ಅರ್ಥವಾಯಿತು. ಈ ಮನೆಗೆ ಬಂದ ದಿನ ಅತ್ತೆ ಕಲಿಸಿದ್ದು: ಏನೇ ಆಗಲಿ, ನೀರು ಮುಟ್ಟಿಸದೆ ಒಲೆಯ ಮುಂದೆ ತರಬಾರದು. ಇಪ್ಪತ್ತೆರಡು ವರ್ಷ ಸೌಟಿನಿಂದ ಇಕ್ಕಳದವರೆಗೆ ತೊಳೆದೇ ತಂದವಳ ಕೈ, ಆ ದಿನ ತಾನಾಗಿಯೇ ಎಣ್ಣೆ ಅಂಟಿದ್ದ ಅಚ್ಚನ್ನೂ ತೊಳೆದಿತ್ತು. ಆ ಬಿಳೀ ಪುಡಿಯ ಕಲ್ಲು ನೀರು ಕುಡಿದು ಕೂತಿತ್ತು.

"ಅಚ್ಚು ಯಾರಾದ್ರೂ ತೊಳೀತಾರೇನೇ!"

"ನಿಮ್ಮವ್ವನ್ನ ಕೇಳಿ!" ಎಂದೆ. ಅಷ್ಟು ಜೋರಾಗಿ ಆ ಮನೆಯಲ್ಲಿ ನಾನು ಯಾವತ್ತೂ ಮಾತಾಡಿರಲಿಲ್ಲ. "ಕಪ್ಪೆ ಮುಟ್ಬಾರ್ದು, ತೊಳೀದೆ ಇಡ್ಬಾರ್ದು, ಮುದ್ದೆ ಬೇಡ, ಗಂಜಿ ಬೇಡ. ನಂಗೆ ಸಾಕಾಗಿ ಹೋಯ್ತು ಕಣ್ರೀ."

ಅಷ್ಟರಲ್ಲಿ ಹನ್ನೆರಡು ಗಂಟೆಯ ಬಸ್ಸೂ ಹೋಯಿತು.

ಸಿಟ್ಟು ಇಳಿಯುವವರೆಗೂ ಕೂರುವ ಹಾಗಿರಲಿಲ್ಲ. ಅಚ್ಚಿನ ಹೋಳುಗಳನ್ನು ಬಿಸಿ ಮರಳಿನ ಮೇಲೆ ಒಂದು ಗಂಟೆ ಒಣಗಿಸಿದೆ. ಪಾತ್ರೆಯ ತಳದಲ್ಲಿ ಉಳಿದಿದ್ದ ಪಾಕವನ್ನು ಮತ್ತೆ ಕರಗಿಸಿ ಹುಯ್ದೆ. ಎಡಗಾಲಿಗೆ ಸಾಲಲಿಲ್ಲ, ಮೊಂಡುಗಾಲಿನ, ಚಪ್ಪಲಿ ಬಣ್ಣದ ಕಪ್ಪೆ ಹುಟ್ಟಿತು. ಹಿಚುಕಿದರೆ ಮೆತ್ತಗಿತ್ತು, ಅದು ನಿಜ. ಗಂಡ ಅದರ ಬೆನ್ನಿನಲ್ಲಿ ಗಾಳದ ಮುಳ್ಳು ಅಡಗಿಸಿಕೊಂಡು ಎರಡು ಗಂಟೆಯ ಬಸ್ಸಿಗೆ ಹೋದ.

ದೀಪ ಹಚ್ಚುವ ಹೊತ್ತಿಗೆ ಬರಿಗೈಯಲ್ಲಿ ಬಂದ. ಅವನು ಜೇಬಿನಿಂದ ಕಪ್ಪೆ ತೆಗೆದು ಅವ್ವನ ಮಂಚದ ಮೇಲೆ ಇಟ್ಟ. ಇದ್ದ ಒಂದು ಬಲಗಾಲೂ ಇರಲಿಲ್ಲ. ತೊಡೆಯ ಹತ್ತಿರ ಸಣ್ಣ ಸಣ್ಣ ಹಲ್ಲಿನ ಗುರುತು.

"ಮೂರು ಸಲ ಹಾರ್ತು ಅವ್ವ. ಮೂರ್ನೇ ಸಲ ಕಾಲು ಕಿತ್ಕೊಂಡು ಹೋಯ್ತು. ಮುಳ್ಳು ನಾಟ್ಲೇ ಇಲ್ಲ."

ಅತ್ತೆ ಕಪ್ಪೆಯನ್ನು ದೀಪಕ್ಕೆ ಹಿಡಿದು, ಹಲ್ಲಿನ ಗುರುತಿನ ಮೇಲೆ ಉಗುರು ಆಡಿಸಿದರು. ನಾನು ಮುದ್ದೆಯ ತಟ್ಟೆ ಪಕ್ಕದಲ್ಲಿಟ್ಟು, ತಿಂದರೆ ತಿನ್ನಲಿ ಎಂದು ಈಚೆ ಬಂದು ಕೂತೆ.

"ಕೊರವಾನೇ ಕಣೋ. ಮೊಳದುದ್ದ ಇದ್ದೀತು." ಒಂದು ತುತ್ತು ಮುರಿದರು. "ಮುಳ್ಳು ಎಲ್ಲಿಟ್ಟಿದ್ದೆ?"

"ಬೆನ್ನಲ್ಲಿ."

"ಬೆನ್ನಲ್ಲಿಟ್ರೆ ಕಾಲಿಗೆ ಬಾಯಿ ಹಾಕಿದ್ದು ಸಿಕ್ಕುತ್ತಾ, ದಡ್ಡ? ಹಿಂದಕ್ಕಿಡ್ಬೇಕು." ಸಾರಿನಲ್ಲಿ ಅದ್ದಿ ನುಂಗಿದರು. "ಏನೇ, ಇಲ್ ಬಾ. ತೊಡೆ ಯಾಕೆ ಇಷ್ಟು ದಪ್ಪ ಕೆತ್ತಿದ್ದೀಯಾ? ಇದೇನು ಎಮ್ಮೆದೊಡ್ಡಿ ಕಾವಲಿನ ಹೋರಿನಾ?" ಮತ್ತೊಂದು ತುತ್ತು. "ಸಣ್ಣಕೆ ಕೆತ್ತು. ಆ ಅಚ್ಚು ತೊಳೀಬೇಡ. ನಾನೇ ಹೇಳ್ತಿದ್ದೀನಿ, ತೊಳೀಬೇಡ."

ತಪ್ಪು ಹುಡುಕುವ ಭರದಲ್ಲಿ ಬಾಯಿಗೆ ಹೋಗುತ್ತಿದ್ದುದರ ಕಡೆ ಅವರ ಗಮನವಿರಲಿಲ್ಲ. ನಾನು ತಟ್ಟೆಯನ್ನೇ ನೋಡುತ್ತಿದ್ದೆ. ಗಂಡ ಏನೋ ಹೇಳಹೊರಟ. ಸುಮ್ಮನಿರಿ ಎಂದು ಕಣ್ಣಲ್ಲೇ ಗದರಿದೆ.

ಆ ರಾತ್ರಿ ನಾವು ಉಂಡದ್ದು ರಾಗಿಮುದ್ದೆ, ಹುರುಳಿಕಟ್ಟಿನ ಸಾರು, ಸುಟ್ಟ ಈರುಳ್ಳಿ. ಅತ್ತೆ ಮುಕ್ಕಾಲು ಮುದ್ದೆ. ಗಂಡ ಎರಡು. ನನ್ನ ಬಲಗೈ ಸುಟ್ಟಿದ್ದರಿಂದ ನಾನು ಎಡಗೈಯಲ್ಲಿ ಚಮಚ ಹಿಡಿದು ಅರ್ಧ ಮುದ್ದೆ ತಿಂದೆ. ಅದಕ್ಕೂ ಅತ್ತೆ ಬೈದರು. ಮೊದಲು ನಿದ್ದೆ ಹೋದದ್ದು ಅವರೇ, ಇನ್ನೊಂದು ಜೊತೆ ಚಪ್ಪಲಿ ಯಾರ ಮನೆಯಲ್ಲಿ ಸಿಕ್ಕೀತೆಂದು ಹೇಳುತ್ತ ಹೇಳುತ್ತ.