ಪ್ರಮೀಳಾಳ ಉಪವಾಸ

ಹನಗೋಡಿನ ಆಚೆ, ಹೊಳೆದಂಡೆಯ ಊರಿನ ಪ್ರಮೀಳಾಗೆ ಪೋಲಿಯೋದಿಂದ ಎರಡೂ ಕಾಲಿಗೆ ಬಲವಿಲ್ಲ. ಕೈ ಮಾತ್ರ ಬಲು ಚುರುಕು. ಹೊಗೆಸೊಪ್ಪಿನ ಕಾಲದಲ್ಲಿ ಜಗುಲಿಯ ಮೇಲೆ ಕೂತು ಒಣಗಿಸಲು ಕಡ್ಡಿಗೆ ಎಲೆ ಕಟ್ಟತೊಡಗಿದರೆ ಅವಳ ಸಮಕ್ಕೆ ಯಾರೂ ಬರುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅವಳನ್ನು ಹಿತ್ತಿಲಿಗೆ ಎತ್ತಿಕೊಂಡು ಹೋಗಿ, ನೀರು ಹಾಕಿ, ಸೀರೆ ಉಡಿಸುತ್ತಿದ್ದವಳು ತೀರಿಹೋದ ತಾಯಿಯ ಗೆಳತಿ, ಪಕ್ಕದೂರಿನ ಸುನಂದಮ್ಮ.

ಕೊರೊನಾದ ಮೊದಲ ವರ್ಷ ಹೊರಗಿನವರು ಬಾರದಂತೆ ಊರಿನವರು ದಾರಿಗೆ ಮುಳ್ಳು ಹಾಕಿದರು. ಅವಳ ತಮ್ಮ ಉಮಾಶಂಕರನದೇ ಮುಂದಾಳುತನ. ಟಿವಿ ನೋಡಿ ಹೆದರಿದ್ದ ಪ್ರಮೀಳಾಳೇ ಜಗುಲಿಯಿಂದ, "ಒಂದ್ ನಾಯಿನೂ ನುಗ್ಗಬಾರ್ದು ಕಣ್ಲಾ, ಅಂಗೆ ಆಕು" ಎಂದಿದ್ದಳು. ಸುನಂದಮ್ಮ ಬರುವುದೂ ಅದೇ ದಾರಿಯಲ್ಲಿ ಎಂದು ಹೊಳೆದದ್ದು ಮರುದಿನ ಬೆಳಿಗ್ಗೆ.

ಉಮಾಶಂಕರನ ಹೆಂಡತಿ ಬೃಂದಾ ಬಾಣಂತನಕ್ಕೆ ಸರಗೂರಿನ ತವರಿಗೆ ಹೋಗಿ ಅಲ್ಲೇ ಉಳಿದಿದ್ದಳು. ರೋಗದ ಭಯಕ್ಕೆ ನೆರೆಯ ಹೆಂಗಸರು ಹೊಸಿಲು ದಾಟುತ್ತಿರಲಿಲ್ಲ. ತಮ್ಮನೇ ಅವಳನ್ನು ಹಿತ್ತಿಲಿಗೆ ಎತ್ತಿಕೊಂಡು ಹೋದ. ಕೂರಿಸಿ, ಮುಖ ತಿರುಗಿಸಿ, ಬಾಗಿಲಾಚೆ ನಿಂತು ಸುಮ್ಮಸುಮ್ಮನೆ ಕೆಮ್ಮಿದ. ತನ್ನ ಮಡಿಲಲ್ಲಿ ಆಡಿದ ಕೂಸು ಅವನು. ಪ್ರಮೀಳಾಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಅಂದಿನಿಂದ ಅವಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಮುದ್ದೆ ನಾಯಿಯ ಪಾಲಾಯಿತು. ತಮ್ಮ ಕೇಳಿದಾಗ, ಬೃಂದಾ ಮಗುವಿನೊಂದಿಗೆ ಕ್ಷೇಮವಾಗಿ ಬರಲೆಂದು ಮಾರಮ್ಮನಿಗೆ ಹರಕೆ ಹೊತ್ತಿದ್ದೇನೆ, ಹಗಲು ನೀರೂ ಮುಟ್ಟುವಂತಿಲ್ಲ ಎಂದುಬಿಟ್ಟಳು. ಅವನು ನಂಬಿದ, ಊರಿಗೂ ಹೇಳಿದ. ಹೆಂಗಸರು ಬೀದಿಯಲ್ಲೇ ನಿಂತು ಕೈಮುಗಿಯತೊಡಗಿದರು. ಎದುರುಮನೆಯ ಮಲ್ಲಾಜಮ್ಮ ತನ್ನ ಮಕ್ಕಳ ಹೆಸರನ್ನೂ ಹರಕೆಗೆ ಸೇರಿಸಿಕೊ ಎಂದು ಬೇಡಿಕೊಂಡಳು. ಒಣಗಿದ ನಾಲಿಗೆಯಲ್ಲಿ ಪ್ರಮೀಳಾ ಹೂಂ ಎಂದಳು.

ಒಂದು ಮಧ್ಯಾಹ್ನ ಹೊಲದಿಂದ ಬಂದ ಉಮಾಶಂಕರ ಜಗುಲಿ ಹತ್ತಲಾರದೆ ಕುಸಿದ. ಅಕ್ಕನ ಜೊತೆ ತಾನೂ ಉಪವಾಸ ಹಿಡಿದಿದ್ದನಂತೆ. ಪ್ರಮೀಳಾ ತೆವಳಿಕೊಂಡು ಬಂದು ನೀರಿನ ಚೊಂಬನ್ನು ಅವನ ಬಾಯಿಗಿಟ್ಟಳು.

"ಕುಡ್ಯಪ್ಪ. ದೇವ್ರಿಗಲ್ಲ ಕಣ ನಾನ್ ಉಪವಾಸ ಇದ್ದಿದ್ದು. ನಿನ್ ಕೈಲಿ ಎತ್ತಿಸ್ಕೊಳಕ್ಕೆ ನಾಚ್ಕೆ ಆಯ್ತದೆ."

ಅವನು ತಲೆಯೆತ್ತಲಿಲ್ಲ. "ನಂಗೂ ಆಗ್ತಿತ್ತು ಕಣಕ್ಕ" ಎಂದ.

ಸಂಜೆ ಮಚ್ಚು ಹಿಡಿದು ಹೋಗಿ, ಊರಿನವರ ಬೈಗುಳದ ನಡುವೆಯೇ ಒಬ್ಬರು ನುಸುಳುವಷ್ಟು ಮುಳ್ಳು ಕಡಿದು, ಸುನಂದಮ್ಮನಿಗೆ ಹೇಳಿಕಳಿಸಿದ.

ಬೆಳಿಗ್ಗೆ ಬಂದವಳು ಸೆರಗಿಗೆ ಸಿಕ್ಕ ಮುಳ್ಳು ಕೀಳುತ್ತ, "ನಾಯಿನೂ ನುಗ್ಗಬಾರ್ದು ಅಂದಿದ್ಯಂತೆ? ನಾನ್ ನುಗ್ಗಿವ್ನಿ ಕಣವ್ವ, ಬಾ" ಎಂದಳು. ಪ್ರಮೀಳಾ ಅವಳ ಹೆಗಲಲ್ಲಿ ಮುಖ ಹುದುಗಿಸಿದಳು.

ಬೃಂದಾ ಕೂಸಿನೊಂದಿಗೆ ಬಂದಾಗ ಊರು ಹರಕೆ ಫಲಿಸಿತೆಂದಿತು. ಅಕ್ಕ ತಮ್ಮ ಇಬ್ಬರೂ ಬಾಯಿ ಬಿಡಲಿಲ್ಲ. ಈಗಲೂ ಮಾರಮ್ಮನ ತೀರ್ಥ ಮೊದಲು ಬರುವುದು ಪ್ರಮೀಳಾಳ ಜಗುಲಿಗೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು, ಕುಡಿಯದೆ, ಹರಕೆಯೆಂದು ನಂಬಿ ಉಪವಾಸವಿದ್ದ ತಮ್ಮನ ಕೈಗೆ ಕೊಡುತ್ತಾಳೆ.