ಅಪ್ಪನಿಗೊಂದು ಚಿತ್ರದ ಹಲಗೆ

ನಮ್ಮಣ್ಣನನ್ನು ಅವನ ಆಫೀಸಿನಲ್ಲಿ ‘ಬಣ್ಣದ ಡಾಕ್ಟರು’ ಎನ್ನುತ್ತಾರೆ. ಅದು ಹೊಗಳಿಕೆಯೋ ಗೇಲಿಯೋ ಅವನಿಗಿನ್ನೂ ಗೊತ್ತಾಗಿಲ್ಲ; ನಾನೂ ಹೇಳಲು ಹೋಗಿಲ್ಲ. ಆಸ್ಪತ್ರೆಯಲ್ಲಿ ದಾರಿ ತೋರುವ ಫಲಕ, ಮಕ್ಕಳ ಪಾಠದ ಪುಸ್ತಕ, ಬೆಂಕಿ ಬಿದ್ದರೆ ಯಾವ ಬಾಗಿಲಿಗೆ ಓಡಬೇಕೆನ್ನುವ ಚಿತ್ರ, ಇಂಥವನ್ನೆಲ್ಲ ವಿನ್ಯಾಸ ಮಾಡುವುದು ಅವನ ಕಸುಬು. ಅದಕ್ಕಾಗಿ ಮನಶ್ಶಾಸ್ತ್ರ ಓದಿದ, ಪಾಠ ಹೇಳುವ ವಿಧಾನ ಕಲಿತ. ಕಲಿತದ್ದನ್ನು ತನ್ನಲ್ಲೇ ಇಟ್ಟುಕೊಂಡಿದ್ದರೆ ನನ್ನದೇನೂ ತಕರಾರಿರಲಿಲ್ಲ.

“ಕಣ್ಣು ಸೋಮಾರಿ ಕಣೇ. ಒಂದೇ ಸಲ ಜಾಸ್ತಿ ತೋರಿಸಿದ್ರೆ ಏನನ್ನೂ ನೋಡಲ್ಲ,” ಎಂದು ಊಟಕ್ಕೆ ಕೂತಾಗಲೂ ಶುರು. ಅಡುಗೆಮನೆಯ ಡಬ್ಬಿಗಳಿಗೆಲ್ಲ ಬಣ್ಣದ ಚೀಟಿ ಅಂಟಿಸಿದ್ದ. ಆವತ್ತಿನಿಂದ ನಾನು ಉಪ್ಪು ಹುಡುಕುತ್ತಲೇ ಇದ್ದೇನೆ.

ಅವನ ಸಿದ್ಧಾಂತಗಳ ರಾಜ ಯಾವುದೆಂದರೆ, ಕಲಿಯುವವರನ್ನು ಬೈಯಬಾರದು. ತಪ್ಪಿದರೆ ಸುಮ್ಮನಿರಬೇಕು, ಸರಿಮಾಡಿದರೆ ಭೇಷ್ ಎನ್ನಬೇಕು. ಇದರ ಬೇರು ಯಾವ ಪುಸ್ತಕದಲ್ಲೂ ಇಲ್ಲ, ನಮ್ಮಪ್ಪನಲ್ಲಿದೆ. ಅಪ್ಪ ಗಣಿತದ ಮೇಷ್ಟ್ರು. ಅವರ ಬಾಯಲ್ಲಿ ಲೆಕ್ಕ ತಪ್ಪಿದವರೆಲ್ಲ ಕತ್ತೆಗಳೇ. ಮನೆಯಲ್ಲೂ ಎರಡು ಕತ್ತೆಗಳಿದ್ದೆವು. ಲೆಕ್ಕದ ಹಾಳೆಯ ಅಂಚಿನಲ್ಲಿ ಹಕ್ಕಿ ಬರೆಯುತ್ತಿದ್ದ ಅಣ್ಣ ಹಿರೀ ಕತ್ತೆ. ಅವನಿಗೆ ಜ್ವರ ಬಂದಾಗ ಹಣೆ ಮುಟ್ಟಿ, “ಏನೋ ಕತ್ತೆ, ಹೇಗಿದೀಯೋ?” ಎಂದು ಅಪ್ಪ ಕೇಳುತ್ತಿದ್ದುದು ನನಗೆ ನೆನಪಿದೆ. ಅಣ್ಣನಿಗೆ ಬೈಗುಳ ಮಾತ್ರ ನೆನಪಿದೆ.

ಇಂಥ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು, ಅಕ್ಷರಗಳೂ ಗುರುತು ಸಿಗದಾದವು. ನಾವು ಹೇಳಿದ್ದು ಮಾತ್ರ ಪೂರ್ತಿ ತಿಳಿಯುತ್ತಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದರು. ನೀರು ಕೊಟ್ಟರೆ ಬಾಯಿ ಬಿಡಲೊಲ್ಲರು. ಡಾಕ್ಟರು, “ಹೀಗೇ ಆದ್ರೆ ವಾಪಸ್ ಸೇರಿಸ್ಕೊಂಡು ಊಟಕ್ಕೆ ಮೂಗಿಗೆ ನಳಿಕೆ ಹಾಕ್ಬೇಕಾಗುತ್ತೆ. ಅವರು ಮನಸ್ಸು ಮಾಡ್ಬೇಕು,” ಎಂದರು. ನಾನು ಅಣ್ಣನ ಮುಖ ನೋಡಿದೆ.

“ನಾನಿದೀನಲ್ಲ,” ಎಂದ ಅಣ್ಣ.

ಚಿತ್ರದ ಹಲಗೆ ತಯಾರಾಯಿತು. ನೀರು, ಊಟ, ನೋವು, ನಿದ್ದೆ, ಚಳಿ, ಕಕ್ಕಸು. ಬೇಕಾದುದನ್ನು ಎಡಗೈ ಬೆರಳಿನಿಂದ ಮುಟ್ಟಿದರಾಯಿತು. ಹಿನ್ನೆಲೆಗೆ ತಣ್ಣನೆಯ ನೀಲಿ, ಚೌಕಗಳ ನಡುವೆ ಧಾರಾಳ ಜಾಗ. ಸತ್ಯ ಹೇಳಬೇಕೆಂದರೆ ಚೆಂದವಾಗಿಯೇ ಇತ್ತು. ಆಫೀಸಿನವರಿಗೆಲ್ಲ ತೋರಿಸಿ ಪರೀಕ್ಷಿಸಿದ, ಅಕ್ಕಪಕ್ಕದ ಮನೆಗಳಲ್ಲಿ ಪರೀಕ್ಷಿಸಿದ. ಅಪ್ಪನೊಬ್ಬರನ್ನು ಬಿಟ್ಟು ಊರನ್ನೆಲ್ಲ ಕೇಳಿದ. ಆಮೇಲೆ ಮಂಚದ ಬಳಿ ಕೂತು, “ತುಂಬಾ ಸುಲಭ ಅಪ್ಪಾ, ಪಕ್ಕದ್ಮನೆ ಮಗೂನೂ ಥಟ್ಟಂತ ತೋರಿಸ್ತು!” ಎಂದ. ಆಹಾ, ಎಂಥ ಮನಶ್ಶಾಸ್ತ್ರ!

ಅಪ್ಪನ ಬೆರಳು ಅಕಸ್ಮಾತ್ತಾಗಿ ನೀರಿನ ಚಿತ್ರದ ಮೇಲೆ ಬಿತ್ತು. “ಭೇಷ್ ಅಪ್ಪಾ!” ಎಂದು ಅಣ್ಣ ಅವರ ಅಂಗಿಗೊಂದು ಚಿನ್ನದ ಬಣ್ಣದ ನಕ್ಷತ್ರ ಅಂಟಿಸಿಯೇಬಿಟ್ಟ. ಜನ್ಮದಲ್ಲಿ ಯಾರಿಗೂ ಭೇಷ್ ಎನ್ನದ ಮನುಷ್ಯನಿಗೆ! ಹಲಗೆ ಹಾರಿ ಬಾಗಿಲಿಗೆ ಬಡಿಯಿತು. ಅಪ್ಪ ಮತ್ತೆ ಗೋಡೆಗೆ ತಿರುಗಿದರು.

“ಬಣ್ಣ ಬದಲಾಯಿಸಿ ನೋಡ್ತೀನಿ,” ಎಂದು ಅಣ್ಣ ಗೊಣಗಿದಾಗ ನನ್ನ ಪಿತ್ತ ನೆತ್ತಿಗೇರಿತು. “ಬಣ್ಣಕ್ಕೆ ಬೆಂಕಿ ಹಾಕ! ಅಪ್ಪ ಜೀವಮಾನವೆಲ್ಲಾ ಏನು ಮಾತಾಡ್ತಿದ್ರೋ? ನೀರು ಕೊಡಿ, ಚಳಿ ಆಗುತ್ತೆ ಅಂತಿದ್ರಾ? ಬೈತಿದ್ರು! ನಿನ್ನ ಹಲಗೇಲಿ ಬೈಯೋಕೆ ಜಾಗ ಎಲ್ಲಿದೆ?”

“ಬೈಗುಳ ಇಟ್ರೆ ಕಲಿಯೋ ಮನಸ್ಸು ಮುದುಡುತ್ತೆ ಕಣೇ. ಅದು ಕ್ರಮ ಅಲ್ಲ.”

“ಯಾರ ಮನಸ್ಸು? ಅವರದಾ, ನಿನ್ನದಾ?”

ಅಣ್ಣ ಹಲಗೆ ಎತ್ತಿಕೊಂಡು ಹೊರಗಿನ ಕೋಣೆಗೆ ಹೋದ.

ಮರುದಿನ ಬೆಳಿಗ್ಗೆ ಹಲಗೆಯ ಮೂಲೆಯಲ್ಲಿ ಹೊಸದೊಂದು ಚೌಕವಿತ್ತು. ಬಣ್ಣವಿಲ್ಲ, ಬರೀ ಪೆನ್ಸಿಲ್ಲಿನಲ್ಲಿ ಗೀಚಿದ ಕತ್ತೆ. ಕಿವಿ ಉದ್ದ, ಕಾಲು ಸೊಟ್ಟ. ಅಣ್ಣ ಅಪ್ಪನನ್ನು ದಿಂಬಿಗೊರಗಿಸಿ ಕೂರಿಸಿ, ಹಲಗೆಯನ್ನು ಅವರ ತೊಡೆಯ ಮೇಲಿಟ್ಟು, ತಪ್ಪು ಲೆಕ್ಕ ತೋರಿಸಲು ಬಂದವನ ಹಾಗೆ ಮಂಚದ ಪಕ್ಕ ನಿಂತ.

ಅಪ್ಪ ತುಂಬಾ ಹೊತ್ತು ನೋಡಿದರು. ಬೆರಳು ಮೆಲ್ಲಗೆ ನೀರು, ಊಟ, ನೋವು ಎಲ್ಲವನ್ನೂ ದಾಟಿ ಕತ್ತೆಯ ಮೇಲೆ ನಿಂತಿತು. ಅಲ್ಲಿಂದ ಎದ್ದು ನೇರವಾಗಿ ಅಣ್ಣನನ್ನು ತೋರಿಸಿತು.

“ಹೂಂ ಅಪ್ಪಾ, ನಾನೇ,” ಎಂದ ಅಣ್ಣ. ನನಗಂತೂ ಅಳು ತಡೆಯಲಾಗಲಿಲ್ಲ.

ಆಮೇಲೆ ಬೆರಳು ನೀರಿನ ಚೌಕಕ್ಕೆ ಬಂತು. ಅಣ್ಣ ಓಡಿಹೋಗಿ ಲೋಟ ತಂದ. ಅಪ್ಪ ಗುಟುಕು ಗುಟುಕಾಗಿ ಪೂರ್ತಿ ಕುಡಿದರು. “ಭೇಷ್,” ಎಂದು ಅಣ್ಣನ ಬಾಯಿಂದ ಬಂದದ್ದೇ ತಡ, ಬೆರಳು ಮತ್ತೆ ಕತ್ತೆಯ ಮೇಲಿತ್ತು.

ಮೂಗಿನ ನಳಿಕೆ ತಪ್ಪಿತು. ಮಾತು ಈಗಲೂ ಬಂದಿಲ್ಲ. ಹಲಗೆಯ ಬೇರೆ ಚೌಕಗಳೆಲ್ಲ ಹೊಸದಾಗಿಯೇ ಇವೆ. ಕತ್ತೆ ಮಾತ್ರ ಅಪ್ಪ ಮುಟ್ಟಿ ಮುಟ್ಟಿ ಅಳಿಸಿಹೋಗುತ್ತದೆ. ಆಗೆಲ್ಲ ಬಣ್ಣದ ಡಾಕ್ಟರು ಪೆನ್ಸಿಲ್ ಚೂಪು ಮಾಡಿಕೊಂಡು ಬಂದು, ಅಪ್ಪನ ಮಂಚದ ಮೇಲೇ ಕೂತು, ತನ್ನನ್ನು ಮತ್ತೆ ಬರೆಯುತ್ತಾನೆ.